ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್‌ಗಳಿಗೆ ನಾವು ಕಲಿಸದೇ ಬಿಟ್ಟ ಪಾಠ

ಮಕ್ಕಳಿಗೆ ಕೀಮೊ, ಅಂದರೆ ಕ್ಯಾನ್ಸರ್ ಔಷಧಿ, ಕೊಡುವ ಮುಂಚೆ ಇಬ್ಬರು ನರ್ಸ್‌ಗಳು ಸೇರಿ ಪರೀಕ್ಷಿಸಬೇಕು. ಒಬ್ಬರು ಮಗುವಿನ ಹೆಸರು, ಔಷಧಿ, ಡೋಸ್, ಯಾವ ದಾರಿಯಲ್ಲಿ ಕೊಡಬೇಕು ಎಲ್ಲವನ್ನೂ ಜೋರಾಗಿ ಓದುತ್ತಾರೆ. ಇನ್ನೊಬ್ಬರು ಡಾಕ್ಟರು ಬರೆದ ಆರ್ಡರ್ ಇಟ್ಟುಕೊಂಡು ತಾಳೆ ನೋಡುತ್ತಾರೆ. ಒಂದು ಮಧ್ಯಾಹ್ನ ನಾನು ಹಾಗೆ ತಾಳೆ ನೋಡುತ್ತಿದ್ದೆ. ಎದುರಿಗೆ ನಿಂತಿದ್ದವರು ಎಂಟು ವರ್ಷದ ಅನುಭವ ಇರುವ ನರ್ಸ್. ಲೇಬಲ್ ಮೇಲೆ ಇದ್ದದ್ದು ಕಿಟಕಿ ಪಕ್ಕದ ಹುಡುಗನ ಹೆಸರು. ಅವರ ಬಾಯಿಂದ ಬಂದದ್ದು ಅವತ್ತು ಬೆಳಿಗ್ಗೆ ತೀರಿಕೊಂಡ ಹುಡುಗಿಯ ಹೆಸರು.

ಇಬ್ಬರೂ ಸುಮ್ನೆ ನಿಂತುಬಿಟ್ಟೆವು. ಅವರು ಸಿರಿಂಜನ್ನು ಮೆಲ್ಲಗೆ ಟ್ರೇಗೆ ಇಟ್ಟರು. ಬೆಳಿಗ್ಗೆ ಆ ಹುಡುಗಿಯ ಪೋರ್ಟ್‌ನಿಂದ (ಔಷಧಿ ಕೊಡಲು ಚರ್ಮದಡಿ ಕೂರಿಸುವ ಪುಟ್ಟ ಸಾಧನ) ಸೂಜಿ ತೆಗೆದವರು ಅವರೇ. ಮೈ ಒರೆಸಿ, ತಾಯಿ ತಂದಿದ್ದ ಫ್ರಾಕ್ ತೊಡಿಸಿದವರೂ ಅವರೇ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮುಂದಿನ ಮಗುವಿನ ಡ್ರಿಪ್ ಬದಲಿಸುತ್ತಿದ್ದರು. ಅಳಲೂ ಇಲ್ಲ, ಕೂರಲೂ ಇಲ್ಲ.

ಅವತ್ತು ತಪ್ಪೇನೂ ಆಗಲಿಲ್ಲ. ಔಷಧಿಯೂ ಸರಿ ಇತ್ತು, ಸೇರಬೇಕಾದ ಮಗುವಿಗೇ ಸೇರಿತು. ಆದರೆ ನಮ್ಮ ವಾರ್ಡಿನಲ್ಲಿ ಗಮನ ತಪ್ಪುವುದು ಸಣ್ಣ ವಿಷಯ ಅಲ್ಲ. ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ರಕ್ತನಾಳಕ್ಕೆ ಹೋದರೆ ಮಗುವನ್ನು ಉಳಿಸುತ್ತದೆ. ಅದೇ ಔಷಧಿ ಅಪ್ಪಿತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವವನ್ನೇ ತೆಗೆಯುತ್ತದೆ.

ಈ ನರ್ಸ್‌ಗೆ ನಾವು ಏನೆಲ್ಲ ಕಲಿಸಿದ್ದೆವು! ಪೋರ್ಟ್‌ಗೆ ಸೂಜಿ ಹಾಕುವುದು, ಕೀಮೊ ಚೆಲ್ಲಿದರೆ ಬಳಿದು ತೆಗೆಯುವುದು, ಬಿಳಿ ರಕ್ತಕಣ ಇಳಿದ ಮಗುವಿಗೆ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರು ಮಾಡುವುದು. ಆದರೆ ಇಂಥ ಬೆಳಿಗ್ಗೆ ಕಳೆದ ಮೇಲೆ ತಮ್ಮನ್ನು ತಾವು ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಮಾತೂ ಹೇಳಿಕೊಟ್ಟಿರಲಿಲ್ಲ.

ಬರ್ನ್‌ಔಟ್ ಅಂದರೆ ಬರೀ ಸುಸ್ತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅಂತ ಕರೆಯದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಹೇಳಿತು. ಕೆಲಸದ ಒತ್ತಡ ಬಹಳ ಕಾಲ ಹಾಗೇ ಉಳಿದಾಗ ಬರುವುದು ಇದು. ಲಕ್ಷಣ ಮೂರು. ಮೊದಲನೆಯದು, ನಿದ್ದೆ ಮಾಡಿದರೂ ಹೋಗದ ದಣಿವು. ಎರಡನೆಯದು, ಕೆಲಸದಿಂದ ಮನಸ್ಸು ದೂರ ಸರಿಯುವುದು. ಮೂರನೆಯದು, 'ನಾನು ಎಷ್ಟು ಮಾಡಿದರೂ ಏನು ಪ್ರಯೋಜನ' ಅನ್ನುವ ಭಾವನೆ. ನನಗೆ ಜಾಸ್ತಿ ಹೆದರಿಕೆ ಆಗುವುದು ಎರಡನೆಯದನ್ನು ನೋಡಿದಾಗ. ಯಾಕೆಂದರೆ ಅದು ಸದ್ದಿಲ್ಲದೆ ಬರುತ್ತದೆ. ಶಿಫ್ಟ್ ಬದಲಾಗುವಾಗ ಮಕ್ಕಳ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಮಗುವಿನ ಹೆಸರು ಹೋಗಿ 'ಏಳನೇ ಬೆಡ್' ಆಗುತ್ತದೆ. ಮೊದಲು ಸೂಜಿ ಚುಚ್ಚುವ ಮುಂಚೆ ಮಗುವಿನ ಜೊತೆ ಎರಡು ಮಾತಾಡುತ್ತಿದ್ದವರು ಈಗ ಸೀದಾ ಕೈ ಹಿಡಿಯುತ್ತಾರೆ. ಅವರು ಕೆಟ್ಟವರಾಗಿಲ್ಲ. ಇನ್ನು ನೋವು ತಡೆಯಲಾರೆ ಅಂತ ಮನಸ್ಸು ಬಾಗಿಲು ಹಾಕಿಕೊಂಡಿದೆ, ಅಷ್ಟೇ.

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಇದು ಆಗುವುದಕ್ಕೆ ಅದರದ್ದೇ ಕಾರಣಗಳಿವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಚಿಕಿತ್ಸೆಯೇ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಆ ಮಗುವಿನ ಹಾಲುಹಲ್ಲು ಬಿದ್ದದ್ದು, ಕೂದಲು ಉದುರಿ ಮತ್ತೆ ಬಂದದ್ದು, ಅಕ್ಷರ ಕಲಿತದ್ದು ಎಲ್ಲವನ್ನೂ ನರ್ಸ್ ನೋಡಿರುತ್ತಾರೆ. ಸೂಜಿ ಚುಚ್ಚುವವರೂ ಅವರೇ, ಆಮೇಲೆ ಸಮಾಧಾನ ಮಾಡುವವರೂ ಅವರೇ. ಇನ್ನೊಂದು ಸಂಕಟವೂ ಇದೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಅನೇಕ ಕಡೆ ಅದು ಶೇ. 30ನ್ನೂ ಮುಟ್ಟುವುದಿಲ್ಲ. ಗುಣವಾಗಬಹುದಾದ ಮಗು ತಡವಾಗಿ ಬಂದದ್ದಕ್ಕೆ, ಔಷಧಿ ಸಿಗದ್ದಕ್ಕೆ, ಚಿಕಿತ್ಸೆ ಅರ್ಧಕ್ಕೆ ನಿಂತದ್ದಕ್ಕೆ ಹೋಗಿಬಿಟ್ಟರೆ ಆ ನೋವು ಬೇರೆ ಥರದ್ದು. ಸರಿಯಾದದ್ದು ಏನು ಅಂತ ಗೊತ್ತಿದ್ದೂ ಮಾಡಲಾಗದೆ ನಿಂತವರ ನೋವು ಅದು.

ತಮ್ಮನ್ನು ತಾವು ನೋಡಿಕೊಳ್ಳುವುದನ್ನು ಕಲಿಸಲು ನಾವು ಮಾಡಿದ ಮೊದಲ ಕ್ಲಾಸು ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಡ್ಯೂಟಿ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಚೆನ್ನಾಗಿ ನಿದ್ದೆ ಮಾಡಿ, ವ್ಯಾಯಾಮ ಮಾಡಿ, ಧ್ಯಾನ ಮಾಡಿ ಅಂತ ಒಂದು ಗಂಟೆ ಹೇಳಿದೆವು. ಕೊನೆಗೆ ಒಬ್ಬರು ಕೈ ಎತ್ತಿದರು. "ಮೇಡಂ, ನೀರು ಕುಡಿಯೋಕೇ ಪುರುಸೊತ್ತಿಲ್ಲ, ಧ್ಯಾನ ಯಾವಾಗ ಮಾಡಲಿ?" ಅವರ ಮಾತು ನೂರಕ್ಕೆ ನೂರು ಸರಿ. ಈಗ ಕ್ಲಾಸು ಡ್ಯೂಟಿ ಸಮಯದಲ್ಲೇ ನಡೆಯುತ್ತದೆ. ಆ ಅರ್ಧ ಗಂಟೆ ವಾರ್ಡಿನಲ್ಲಿ ಅವರು ನೋಡುವ ಮಕ್ಕಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಆರೇಳು ಜನ ಇರುತ್ತಾರೆ. ಒಂದು ಸಲಕ್ಕೆ ಒಂದೇ ವಿಷಯ. ರಕ್ತನಾಳಕ್ಕೆ ಕ್ಯಾನುಲಾ ಅನ್ನುವ ಸಣ್ಣ ಕೊಳವೆ ಹಾಕುವುದನ್ನು ಕಲಿಸಿದ ಹಾಗೆ, ಮಾಡಿಸಿಯೇ ಕಲಿಸುವುದು.

ಮೊದಲು ಕಲಿಸುವುದು ಕೈ ತೊಳೆಯುವುದನ್ನು! ಸೋಪಿನಿಂದ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಹೇಗೂ ಅಲ್ಲಿ ನಿಲ್ಲಲೇಬೇಕು. ಆಗ ಭುಜ ಸಡಿಲ ಬಿಟ್ಟು, ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು. 'ಆ ಮಗುವಿನ ಕೆಲಸ ಮುಗಿಯಿತು, ಈಗ ಈ ಮಗು' ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಇದಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ.

ಎರಡನೆಯದು, ಮಗು ತೀರಿಕೊಂಡಾಗ ಒಂದು ನಿಮಿಷ ನಿಲ್ಲುವುದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್ ಈ ರೂಢಿ ಶುರು ಮಾಡಿದರು, ಈಗ ಅದು ಹಲವು ದೇಶಗಳಿಗೆ ಹಬ್ಬಿದೆ. ತಂದೆತಾಯಿ ಒಪ್ಪಿದರೆ ಡಾಕ್ಟರು, ನರ್ಸು, ಕ್ಲೀನಿಂಗ್ ಸಿಬ್ಬಂದಿ ಎಲ್ಲರೂ ಹಾಸಿಗೆ ಸುತ್ತ ಮಾತಿಲ್ಲದೆ ನಿಲ್ಲುತ್ತಾರೆ. ನೆಲ ಒರೆಸುವ ಅಮ್ಮನಿಗೂ ಆ ಮಗು ಗೊತ್ತಿತ್ತು, ಅಲ್ವಾ?

ಎಲ್ಲಕ್ಕಿಂತ ಕಷ್ಟದ ಪಾಠ ಬಾಯಿ ಬಿಟ್ಟು ಹೇಳುವುದು. "ಇವತ್ತು ನನ್ನ ಕೈಲಿ ಆಗಲ್ಲ" ಅನ್ನುವ ಮಾತು ನರ್ಸ್‌ಗಳ ಬಾಯಲ್ಲಿ ಬರುವುದೇ ಇಲ್ಲ. ಹೇಳಿದರೆ ಸಹೋದ್ಯೋಗಿಗೆ ಹೊರೆ ಆಗುತ್ತದೆ ಅನ್ನುವ ಸಂಕೋಚ, ಕೈಲಾಗದವರು ಅನ್ನಿಸಿಕೊಳ್ಳುವ ಭಯ. ಹಾಗಾಗಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಜೋರಾಗಿ ಹೇಳಿಸುತ್ತೇವೆ. "ನನಗೆ ಹತ್ತು ನಿಮಿಷ ಬೇಕು." "ಆ ರೂಮಿಗೆ ಇವತ್ತು ನೀವು ಹೋಗ್ತೀರಾ?" ಮೊದಲ ಸಲ ಎಲ್ಲರೂ ನಗುತ್ತಾರೆ. ಎರಡನೇ ಸಲ ಒಬ್ಬಿಬ್ಬರ ಗಂಟಲು ಕಟ್ಟುತ್ತದೆ. ಕೇಳಿಸಿಕೊಳ್ಳುವವರಿಗೂ ಪಾಠ ಇದೆ. 'ಯಾಕೆ' ಅಂತ ಕೇಳಬಾರದು, 'ಗಟ್ಟಿಯಾಗಿರಿ' ಅಂತ ಹೇಳಬಾರದು. "ಸರಿ, ನಾನು ನೋಡ್ಕೋತೀನಿ" ಅಂದರೆ ಸಾಕು. ಅವತ್ತು ಹೆಸರು ತಪ್ಪಿ ಓದಿದ ನರ್ಸ್ ಕೆಲವು ತಿಂಗಳ ನಂತರ ಇನ್ನೊಂದು ಸಾವಿನ ದಿನ ನನ್ನ ಹತ್ತಿರ ಬಂದರು. "ಮೂರು ಗಂಟೆವರೆಗೆ ನನಗೆ ಕೀಮೊ ಕೆಲಸ ಕೊಡಬೇಡಿ ಮೇಡಂ" ಅಂದರು. ಔಷಧಿ ಕಪಾಟಿನ ಕೀಲಿಯನ್ನು ಪಕ್ಕದಲ್ಲಿದ್ದವರ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಹೋಗಿ ಕೂತರು.

ನಿದ್ದೆ ಬಗ್ಗೆ ಒಂದೇ ಮಾತು. 17 ಗಂಟೆ ಎಚ್ಚರ ಇದ್ದವರ ಕೈ ಮತ್ತು ಮೆದುಳು ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಹಾಗೆ ನಿಧಾನವಾಗುತ್ತವೆ ಅಂತ 1997ರ ಸಂಶೋಧನೆಯೊಂದು ತೋರಿಸಿತು. ನೈಟ್ ಡ್ಯೂಟಿಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವವರನ್ನು ಸೋಮಾರಿ ಅನ್ನಬೇಡಿ.

ಇಷ್ಟೆಲ್ಲ ಹೇಳಿ ಒಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಒಬ್ಬ ನರ್ಸ್‌ಗೆ ಇಬ್ಬರು ಮಾಡುವ ಕೆಲಸ ಕೊಟ್ಟು, ಮೇಲೆ ಸ್ವಂತ ಆರೈಕೆಯ ತರಬೇತಿ ಕೊಟ್ಟರೆ ಅದು ಮೋಸ. ಬರ್ನ್‌ಔಟ್ ತಡೆಯುವ ತರಬೇತಿಗಳ ಮೇಲಿನ 25 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಮರ್ಶೆಯೊಂದು 2010ರಲ್ಲಿ ಬಂತು. ವ್ಯಕ್ತಿಗೆ ಮಾತ್ರ ಕಲಿಸಿದರೆ ಲಾಭ ಆರು ತಿಂಗಳ ಆಸುಪಾಸಿನಲ್ಲಿ ಇಳಿಯುತ್ತದೆ. ಜೊತೆಗೆ ಕೆಲಸದ ವ್ಯವಸ್ಥೆಯೂ ಬದಲಾದರೆ ವರ್ಷದವರೆಗೂ ನಿಲ್ಲುತ್ತದೆ. ಅದಕ್ಕೇ ನಾನು ಪ್ರತಿ ಆರು ತಿಂಗಳಿಗೆ ಪಾಠ ಮತ್ತೆ ಮಾಡಿ ಅನ್ನುತ್ತೇನೆ. ಸಿಬ್ಬಂದಿ ಸಂಖ್ಯೆಯ ಮಾತನ್ನೂ ಅದೇ ಮೀಟಿಂಗಿನಲ್ಲಿ ಎತ್ತಿ ಅನ್ನುತ್ತೇನೆ. ಎರಡು ವಾರ ನಿದ್ದೆ ಬಾರದಿದ್ದರೆ, ನಿದ್ದೆಗೆ ಮಾತ್ರೆ ಅಥವಾ ಕುಡಿತ ಬೇಕಾಗುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರೆ ಕ್ಲಾಸಿಗೆ ಕಾಯಬೇಡಿ. ಅವತ್ತೇ ಮನೋವೈದ್ಯರನ್ನು ಕಾಣಬೇಕು.

ನಿಮ್ಮ ವಾರ್ಡಿನಲ್ಲಿ ಶುರು ಮಾಡುವುದಾದರೆ ಎಲ್ಲವನ್ನೂ ಒಟ್ಟಿಗೆ ತರಬೇಡಿ. ಮೊದಲ ತಿಂಗಳು ಆ ಒಂದು ನಿಮಿಷದ ಮೌನ ಸಾಕು. ಆ ಶಿಫ್ಟಿನಲ್ಲಿ ಅದನ್ನು ಯಾರು ಶುರು ಮಾಡಬೇಕು, ಆ ಮಗುವನ್ನು ನೋಡಿಕೊಂಡ ನರ್ಸ್‌ನ ಉಳಿದ ಮಕ್ಕಳನ್ನು ಮುಂದಿನ ಅರ್ಧ ಗಂಟೆ ಯಾರು ನೋಡಬೇಕು, ಈ ಎರಡು ಹೆಸರನ್ನು ಡ್ಯೂಟಿ ಪಟ್ಟಿಯಲ್ಲೇ ಬರೆದಿಡಿ.