ತುದಿಗೆ ಹತ್ತಿ ಸಾಯುವ ಹುಳು

ಎಲೆ ತಿನ್ನುವ ಹುಳುಗಳ ಕಾಟ ಜಾಸ್ತಿಯಾದ ಹೊಲದಲ್ಲಿ ಗಿಡಗಳ ತುದಿಯನ್ನು ಸ್ವಲ್ಪ ಗಮನಿಸಿ ನೋಡಿ. ಕೆಲವು ಹುಳುಗಳು ಹಿಂಗಾಲಲ್ಲಿ ಎಲೆ ಹಿಡಿದು ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಮೈ ಊದಿಕೊಂಡು ಕಪ್ಪಾಗಿರುತ್ತದೆ. ಕಡ್ಡಿ ತಾಗಿಸಿದರೂ ಸಾಕು, ಚರ್ಮ ಹರಿದು ಒಳಗಿನದೆಲ್ಲ ನೀರುನೀರಾಗಿ ಸುರಿಯುತ್ತದೆ. ಹೇಸಿಗೆ ಅನಿಸಿದರೂ ಆ ರಸವೇ ಬೆಳೆಗೆ ಮದ್ದು. ಚೆನ್ನಾಗಿ ಬೆಳೆದ ಒಂದು ಹುಳುವಿನಲ್ಲಿ ನೂರು ಕೋಟಿಗೂ ಮೀರಿ ವೈರಸ್ ಹರಳುಗಳು ಇರಬಹುದು.

ಇದು ಬ್ಯಾಕುಲೋವೈರಸ್. ಕೋಲಿನ ಆಕಾರದ ಈ ವೈರಸ್ ಹೊರಗೆ ಬರಿಮೈಯಲ್ಲಿ ಓಡಾಡುವುದಿಲ್ಲ. ಪ್ರೋಟೀನಿನ ಗಟ್ಟಿ ಹರಳಿನೊಳಗೆ ಕೂತಿರುತ್ತದೆ; ಹಲವು ಬಗೆಗಳಲ್ಲಿ ದಾಳಿಂಬೆಯೊಳಗೆ ಬೀಜ ಕೂತ ಹಾಗೆ ಒಂದೇ ಹರಳಿನಲ್ಲಿ ಹತ್ತಾರು ಕಣಗಳು ಒಟ್ಟಿಗೆ ಇರುತ್ತವೆ. ಮಣ್ಣಿನಲ್ಲಿ ಇಂಥ ಹರಳು ವರ್ಷಗಟ್ಟಲೆ ಬಾಳುತ್ತದೆ. ಎಲೆಯ ಜೊತೆ ಹುಳುವಿನ ಹೊಟ್ಟೆ ಸೇರಿದಾಗಲೇ ಅದು ಒಡೆಯುವುದು. ಹುಳುವಿನ ಕರುಳಲ್ಲಿ ಆಮ್ಲ ಇರುವುದಿಲ್ಲ, ಕಟುವಾದ ಕ್ಷಾರ ಇರುತ್ತದೆ. ಅದರಲ್ಲಿ ಹರಳು ಕರಗಿ, ವೈರಸ್ ಕರುಳಿನ ಜೀವಕೋಶಗಳಿಗೆ ನುಗ್ಗುತ್ತದೆ. ಅಲ್ಲಿಂದ ಮೈಯೆಲ್ಲ ಹಬ್ಬುತ್ತದೆ. ಕೊನೆಗೆ ತಾನೇ ಮಾಡಿಸಿದ ಕಿಣ್ವಗಳಿಂದ ಹುಳುವಿನ ಒಳಗನ್ನೂ ಚರ್ಮವನ್ನೂ ಕರಗಿಸಿ ಹೊರಬೀಳುತ್ತದೆ.

ಆದರೆ ಹುಳು ತುದಿಗೇ ಯಾಕೆ ಹತ್ತಬೇಕು? ಸ್ಪಂಜಿ ಪತಂಗದ ಹುಳುಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದಕ್ಕೊಂದು ಉತ್ತರ ಸಿಕ್ಕಿತು. ಆರೋಗ್ಯವಾಗಿರುವ ಹುಳು ರಾತ್ರಿ ಮೇಲೆ ಹೋಗಿ ಎಲೆ ತಿನ್ನುತ್ತದೆ, ಹಗಲಲ್ಲಿ ಹಕ್ಕಿಗೆ ಹೆದರಿ ಕೆಳಗಿಳಿದು ಅಡಗುತ್ತದೆ. ಸೋಂಕು ತಗುಲಿದ ಹುಳು ಮೇಲೆಯೇ ಉಳಿದು ಸಾಯುತ್ತದೆ. ವೈರಸ್ಸಿನ ಇಜಿಟಿ ಎಂಬ ಒಂದೇ ಒಂದು ಜೀನನ್ನು ತೆಗೆದು ನೋಡಿದರು. ಆಗ ಹುಳುಗಳು ಕೆಳಗೇ ಸತ್ತವು. ಅದನ್ನು ವಾಪಸ್ ಸೇರಿಸಿದಾಗ ಮತ್ತೆ ಮೇಲೆ! ಆ ಜೀನ್ ಪೊರೆ ಕಳಚಿಸುವ ಹಾರ್ಮೋನಿನ ಕೆಲಸ ಕೆಡಿಸುತ್ತದೆ. ಮೇಲಿಂದ ಸುರಿದ ರಸ ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ, ಆ ಎಲೆ ತಿಂದ ಹುಳುಗಳ ಸರದಿ ಮುಂದಿನದು.

ನಮಗೇನೂ ಆಗಲ್ವಾ? ಆಗುವುದಿಲ್ಲ. ಇದು ನಮ್ಮ ಜೀವಕೋಶದೊಳಗೆ ಹೊಕ್ಕರೂ ಅಲ್ಲಿ ಮರಿ ಹಾಕಲಾರದು. ಜೇನುಹುಳಕ್ಕೂ ಜೇಡಕ್ಕೂ ತೊಂದರೆಯಿಲ್ಲ. ಒಂದು ಜಾತಿಯ ಹುಳುವನ್ನು ಕೊಲ್ಲುವ ತಳಿ ಎಷ್ಟೋ ಸಲ ಪಕ್ಕದ ಜಾತಿಯನ್ನೂ ಮುಟ್ಟುವುದಿಲ್ಲ. ವ್ಯಾಪಾರಕ್ಕೆ ಮಾತ್ರ ಇದೇ ಪೆಟ್ಟು. ಹತ್ತು ಬಗೆಯ ಕೀಟ ಕೊಲ್ಲುವ ಬಾಟಲಿ ಪಕ್ಕದಲ್ಲಿರುವಾಗ ಒಂದೇ ಹುಳುವಿನ ಮದ್ದನ್ನು ಯಾರು ಕೊಳ್ಳುತ್ತಾರೆ? ಸಾಲದ್ದಕ್ಕೆ ಇದನ್ನು ಬೆಳೆಸಲು ಹೆಚ್ಚಾಗಿ ಜೀವಂತ ಹುಳುಗಳೇ ಬೇಕು. ಬಿಸಿಲಿಗೆ ಇದರ ಶಕ್ತಿ ಬೇಗ ಕುಂದುತ್ತದೆ, ಅದಕ್ಕೇ ಸಂಜೆ ಹೊತ್ತು ಸಿಂಪಡಿಸುತ್ತಾರೆ. ಹುಳು ಸಾಯಲು ನಾಲ್ಕೈದು ದಿನದಿಂದ ವಾರ ಹಿಡಿಯುತ್ತದೆ, ಅಷ್ಟು ದಿನವೂ ಒಂದಿಷ್ಟು ತಿನ್ನುತ್ತಲೇ ಇರುತ್ತದೆ. ಹಾಗಾಗಿ ಹುಳು ಸಣ್ಣದಿರುವಾಗಲೇ ಸಿಂಪಡಿಸಬೇಕು. ದಪ್ಪಗಾದ ಮೇಲೆ ಹೊಡೆದು 'ಕೆಲಸ ಮಾಡಲಿಲ್ಲ' ಅಂದರೆ ತಪ್ಪು ವೈರಸ್ಸಿನದಲ್ಲ.

ಬ್ರೆಜಿಲ್‌ನ ಸೋಯಾ ರೈತರು ಇದನ್ನು ಚೆನ್ನಾಗಿ ದುಡಿಸಿಕೊಂಡರು. 1980ರ ದಶಕದಲ್ಲಿ ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಈ ಕೆಲಸಕ್ಕೆ ಬೆನ್ನೆಲುಬಾಗಿ ನಿಂತಿತು. ಹೊಲದಲ್ಲಿ ಸತ್ತ ಹುಳುಗಳನ್ನು ಆರಿಸಿ, ಅರೆದು, ನೀರಿಗೆ ಬೆರೆಸಿ ಸೋಸಿ ಸಿಂಪಡಿಸುವುದು. ಹೆಕ್ಟೇರಿಗೆ ಸುಮಾರು 50 ಹುಳು ಸಾಕು. 2000ದ ದಶಕದ ಆರಂಭಕ್ಕೆ ಇದು ಸುಮಾರು 20 ಲಕ್ಷ ಹೆಕ್ಟೇರಿಗೆ ಹಬ್ಬಿತ್ತು. ಆಮೇಲೆ ಇಳಿದುಹೋಯಿತು. ಕಳೆನಾಶಕ ಹೊಡೆಯುವಾಗಲೇ ಅದರ ಜೊತೆ ಕೀಟನಾಶಕವನ್ನೂ ಬೆರೆಸಿಬಿಡುವ ರೂಢಿ ಬಂತು. ಹುಳು ಕಾಣಿಸಲಿ, ಎಷ್ಟಿದೆ ನೋಡೋಣ ಅಂತ ಕಾಯುವುದು ನಿಂತಿತು.

ಸೇಬಿನ ಕಾಯಿಕೊರಕದ ಕಥೆ ಬೇರೆ. ಯುರೋಪಿನ ತೋಟಗಳಲ್ಲಿ ವರ್ಷಗಟ್ಟಲೆ ಬಳಸಿದ್ದು ಮೆಕ್ಸಿಕೋ ಮೂಲದ ಒಂದೇ ತಳಿಯ ವೈರಸ್. 2005ರಲ್ಲಿ ಜರ್ಮನಿಯ ಕೆಲವು ಸಾವಯವ ತೋಟಗಳ ಹುಳುಗಳು ಅದಕ್ಕೆ ಜಗ್ಗದೇ ಇದ್ದದ್ದು ವರದಿಯಾಯಿತು. ವೈರಸ್‌ಗೂ ನಿರೋಧ ಬೆಳೆಯುತ್ತದೆ ಅಂತ ಹೊಲದಲ್ಲೇ ಗೊತ್ತಾದದ್ದು ಹೀಗೆ. ಆಗ ಹುಡುಕಾಟ ಶುರುವಾಗಿ ಇರಾನ್ ಮತ್ತಿತರ ಕಡೆಯ ತಳಿಗಳು ಸಿಕ್ಕವು. ಮುಂದೆ ಅವುಗಳಲ್ಲೂ ಕೆಲವನ್ನು ತಡೆದುಕೊಳ್ಳುವ ಹುಳುಗಳು ಕಾಣಿಸಿಕೊಂಡವು. ಒಂದೇ ತಳಿಗೆ ಜೋತುಬೀಳದೆ ಬದಲಿಸುತ್ತಿರಿ ಅನ್ನುವುದು ಈಗ ಅಲ್ಲಿನ ಬೆಳೆಗಾರರಿಗೆ ಕೊಡುವ ಸಲಹೆ.