ಒಂದೇ ಕಥೆ ದಿನಾ ಕೇಳುವ ಮಗುವಿಗೆ ಅದೇ ಕಥೆಯಿಂದ ಏನೇನು ಆಡಿಸಬಹುದು?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ. ದಿನಾ ರಾತ್ರಿ ಮೂರು ಹಂದಿಮರಿಗಳ ಕಥೆಯೇ ಆಗಬೇಕು. ಬೇರೆ ಶುರು ಮಾಡಿದರೆ ನನ್ನ ಬಾಯಿ ಮುಚ್ಚಿಸುತ್ತಾಳೆ. ಇಂಥ ಕಥೆಗಳನ್ನೇ ಇಟ್ಟುಕೊಂಡು ಆಟವಾಡಿಸುತ್ತಾ ಏನಾದರೂ ಕಲಿಸಬಹುದಾ? ವರ್ಕ್‌ಶೀಟ್ ಪ್ರಿಂಟ್ ತೆಗೆದು ಕೊಟ್ಟೆ, ಎರಡು ನಿಮಿಷಕ್ಕೇ ಎದ್ದು ಹೋದಳು.

ಉತ್ತರ: ಎದ್ದು ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ಹಂದಿಮರಿಯ ಚಿತ್ರಕ್ಕೆ ಗುಲಾಬಿ ಬಣ್ಣ ತುಂಬುವುದಕ್ಕೂ ಆ ಕಥೆಗೂ ಏನು ಸಂಬಂಧ? ಹಂದಿಯ ಬದಲು ಆನೆ ಇದ್ದಿದ್ದರೂ ಅದೇ ಕೆಲಸ. ಅವಳಿಗೆ ಬೇಕಿರುವುದು ತೋಳ ಊದಿದಾಗ ಮನೆ ಬೀಳುತ್ತದೋ ಇಲ್ಲವೋ ಎಂಬುದು. ಪ್ರತಿ ಕಥೆಯಲ್ಲೂ ಮಗು ಬಾಯಿ ಬಿಟ್ಟುಕೊಂಡು ಕಾಯುವ ಒಂದು ಜಾಗ ಇರುತ್ತದೆ. ಆಟ ಅಲ್ಲಿಂದಲೇ ಹುಟ್ಟಬೇಕು. ಆ ಜಾಗ ಹಿಡಿದುಕೊಂಡರೆ ಅಂಗಡಿಯಿಂದ ಜಾಸ್ತಿ ಏನೂ ತರಬೇಕಾಗುವುದಿಲ್ಲ.

ಒಂದೇ ಕಥೆ ಮತ್ತೆ ಮತ್ತೆ ಕೇಳುವುದು ಬಿಡಿಸಬೇಕಾದ ಚಟವೇನಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹೊಸ ಪದಗಳನ್ನು ಬೇರೆ ಬೇರೆ ಕಥೆಗಳಲ್ಲಿ ಕೇಳಿದ ಮಕ್ಕಳಿಗಿಂತ, ಅದೇ ಕಥೆಯನ್ನು ಪದೇ ಪದೇ ಕೇಳಿದ ಮಕ್ಕಳು ಆ ಪದಗಳನ್ನು ಚೆನ್ನಾಗಿ ಕಲಿತಿದ್ದರು. ನಿಮಗೆ ಬೋರ್ ಆಗುತ್ತದೆ, ನಿಜ. ಅವಳಿಗಲ್ಲ.

ಸರಿ, ಮೊದಲು ನಿಮ್ಮ ಹಂದಿಮರಿಗಳು. ಹುಲ್ಲಿನ ಮನೆಗೆ ಸಣ್ಣಗೆ ಹರಿದ ಪೇಪರ್ ಸಾಕು. ಕಡ್ಡಿ ಮನೆಗೆ ತೆಂಗಿನ ಪೊರಕೆಯಿಂದ ನಾಲ್ಕು ಕಡ್ಡಿ ಮುರಿದುಕೊಳ್ಳಿ. ಇಟ್ಟಿಗೆಗೆ ಖಾಲಿ ಬೆಂಕಿಪೊಟ್ಟಣ. ತೋಳನ ಉಸಿರಿಗೆ ಬೀಸಣಿಗೆ, ಇಲ್ಲವೇ ಹಳೇ ನೋಟ್‌ಬುಕ್ಕಿನ ರಟ್ಟು. ಬೀಸುವ ಮೊದಲು ಒಂದೇ ಪ್ರಶ್ನೆ ಕೇಳಿ: "ಬೀಳುತ್ತಾ, ಇಲ್ವಾ?" ಅವಳು ಉತ್ತರ ಹೇಳಿದ ಮೇಲಷ್ಟೇ ಬೀಸಬೇಕು.

ಮಜಾ ಇರುವುದು ಇಲ್ಲಿ. ಖಾಲಿ ಪೊಟ್ಟಣಗಳ ಇಟ್ಟಿಗೆ ಗೋಡೆ ಒಂದೇ ಬೀಸಿಗೆ ಉರುಳುತ್ತದೆ. ಕಥೆಯಲ್ಲಿ ಹಾಗಾಗಿರಲಿಲ್ಲವಲ್ಲ! ಅವೇ ಪೊಟ್ಟಣಗಳಿಗೆ ಮರಳು ತುಂಬಿ ಮತ್ತೆ ಗೋಡೆ ಕಟ್ಟಿಸಿ. ನೋಡಲು ಮೊದಲಿನ ಗೋಡೆಯೇ, ಆದರೆ ಈಗ ಜಗ್ಗುವುದಿಲ್ಲ. ಆಮೇಲೆ ಒಂದು ಉಂಡೆ ಚಪಾತಿ ಹಿಟ್ಟು ಕೊಟ್ಟು ಪೊರಕೆ ಕಡ್ಡಿಗಳನ್ನು ಅದಕ್ಕೆ ಚುಚ್ಚಲು ಹೇಳಿ. ಕಡ್ಡಿ ಮನೆಯೂ ನಿಲ್ಲುತ್ತದೆ. ಹಾಗಾದರೆ ಎರಡನೇ ಹಂದಿಮರಿ ದಡ್ಡನಾ, ಅಥವಾ ಬುನಾದಿ ಹಾಕಲು ಮರೆತನಾ? ಉತ್ತರ ನೀವು ಹೇಳಬೇಡಿ. ಅಂದಹಾಗೆ ಹುಲ್ಲಿನ ಮನೆ ಎಂದರೆ ಸೋಮಾರಿಗಳ ಮನೆ ಅನ್ನುವ ಈ ಕಥೆಯ ಧೋರಣೆಯನ್ನು, ಸೋಗೆ ಮನೆಯಲ್ಲಿ ಮಳೆಗಾಲಗಳನ್ನು ಕಳೆದ ಮಲೆನಾಡಿನ ಅಜ್ಜಂದಿರು ಯಾರೂ ಒಪ್ಪಲಿಕ್ಕಿಲ್ಲ.

ಮೂರು ಕರಡಿಗಳ ಕಥೆ ನನಗೆ ಇದಕ್ಕಿಂತಲೂ ಇಷ್ಟ. ಕರಡಿಗಳು ಹೊರಗೆ ಹೋದಾಗ ಗೋಲ್ಡಿಲಾಕ್ಸ್ ಎಂಬ ಪುಟ್ಟ ಹುಡುಗಿ ಮನೆಗೆ ನುಗ್ಗಿ ಅವರ ಗಂಜಿಯ ರುಚಿ ನೋಡುತ್ತಾಳಲ್ಲ, ಆ ಕಥೆ. ಅಡುಗೆಮನೆಯಲ್ಲೇ ಆಡಬಹುದು. ದೊಡ್ಡದು, ಮಧ್ಯಮ, ಚಿಕ್ಕದು ಎಂದು ಮೂರು ಬಟ್ಟಲು, ಮೂರು ಚಮಚ ಅದಲು ಬದಲು ಮಾಡಿ ಇಡಿ. ಯಾವುದು ಯಾರದ್ದು ಎಂದು ಅವಳೇ ಹಂಚಲಿ. ಗಾತ್ರ ನೋಡಿ ಸಾಲಾಗಿ ಇಡುವುದು, ಒಂದಕ್ಕೆ ಒಂದನ್ನು ಜೊತೆ ಮಾಡುವುದು, ಇವೆಲ್ಲ ಅಂಕಿ ಬರೆಯುವುದಕ್ಕೂ ಮುಂಚಿನ ಗಣಿತ. ಮೂರು ವರ್ಷದ ಮಗುವಿಗೆ ಇಷ್ಟು ಸಾಕು. ನಿಮ್ಮ ಮಗಳಿಗಾದರೆ ನಾಲ್ಕನೇ ಬಟ್ಟಲು ಕೊಡಿ. ಅದು ಅಪ್ಪ ಕರಡಿಯದಕ್ಕಿಂತ ಚಿಕ್ಕದಿರಬೇಕು, ಅಮ್ಮ ಕರಡಿಯದಕ್ಕಿಂತ ದೊಡ್ಡದಿರಬೇಕು. "ಅತ್ತೆ ಕರಡಿ ಊರಿಂದ ಬಂದಿದ್ದಾಳೆ, ಎಲ್ಲಿ ಕೂರಿಸೋಣ?" ಸಾಲಿನ ಕೊನೆಗೆ ಸೇರಿಸುವುದು ಸುಲಭ, ನಡುವೆ ಜಾಗ ಹುಡುಕುವುದು ಕಷ್ಟ. ಆ ಕಷ್ಟವೇ ಆಟ.

ಈ ಕಥೆಯಲ್ಲಿ ಒಂದು ತರಲೆ ಇದೆ, ಗಮನಿಸಿದ್ದೀರಾ? ಅಪ್ಪ ಕರಡಿಯ ಗಂಜಿ ಸುಡುತ್ತಿತ್ತು, ಅಮ್ಮನದು ತಣ್ಣಗಾಗಿತ್ತು, ಮರಿಯದು ಹದವಾಗಿತ್ತು. ಒಂದೇ ಪಾತ್ರೆಯಿಂದ ಒಂದೇ ಹೊತ್ತಿಗೆ ಬಡಿಸಿದ್ದಾದರೆ ಎಲ್ಲಕ್ಕಿಂತ ಮೊದಲು ಆರಬೇಕಾದದ್ದು ಮರಿ ಕರಡಿಯ ಪುಟ್ಟ ಬಟ್ಟಲು, ಅಲ್ವಾ? ನೋಡಿಯೇ ಬಿಡಿ. ಮಗುವಿನ ಸ್ನಾನಕ್ಕೆ ಹದವಾಗುವಷ್ಟೇ ಬಿಸಿ ಇರುವ ನೀರನ್ನು ಮೂರು ಸ್ಟೀಲ್ ಬಟ್ಟಲುಗಳಿಗೂ ತುಂಬಿ. ಕಾಲು ಗಂಟೆ ಬಿಟ್ಟು ಬೆರಳು ಅದ್ದಿ ನೋಡಲಿ. ಪುಟ್ಟದೇ ಹೆಚ್ಚು ಆರಿರುತ್ತದೆ.

ಹಾಗಾದರೆ ಅಮ್ಮ ಕರಡಿಯ ಗಂಜಿ ಅಷ್ಟು ಬೇಗ ತಣ್ಣಗಾಗಿದ್ದು ಹೇಗೆ? ಇದನ್ನು ಮಗುವಿಗೇ ಬಿಡಿ. "ಫ್ಯಾನ್ ಕೆಳಗೆ ಕೂತಿದ್ದಳು" ಎಂದರೆ ಫ್ಯಾನ್ ಹಾಕಿ ನೋಡಿ. ಏನೂ ಹೊಳೆಯದಿದ್ದರೆ ಒಂದು ಲೋಟ ಬೆಚ್ಚಗಿನ ನೀರನ್ನು ಲೋಟದಲ್ಲೇ ಬಿಟ್ಟು, ಅಷ್ಟೇ ನೀರನ್ನು ಅಗಲವಾದ ತಟ್ಟೆಗೆ ಸುರಿಯಿರಿ. ತಟ್ಟೆಯದು ಬೇಗ ಆರುತ್ತದೆ, ಅಲ್ಲಿ ಗಾಳಿಗೆ ತಾಗುವ ನೀರು ಜಾಸ್ತಿ. ಕಾಫಿಯನ್ನು ಸಾಸರಿಗೆ ಸುರಿದುಕೊಂಡು ಕುಡಿಯುವ ತಾತ ಮನೆಯಲ್ಲಿದ್ದರೆ ಅವರನ್ನೇ ಸಾಕ್ಷಿಗೆ ಕರೆಯಿರಿ. ಅಮ್ಮ ಕರಡಿ ತಟ್ಟೆಗೆ ಬಡಿಸಿಕೊಂಡಿದ್ದಿರಬೇಕು ಎಂಬುದು ನನ್ನ ವಾದ.

ಅಕ್ಷರ ಯಾವಾಗ ಎಂದು ಕೆಲವರು ಕೇಳುತ್ತಾರೆ. ಅದಕ್ಕೂ ಕರಡಿಗಳೇ ಸಾಕು. ಬಾಗಿಲು ಹಾಕದೆ ವಾಕಿಂಗ್ ಹೋಗಿದ್ದಕ್ಕೆ ತಾನೇ ಇಷ್ಟೆಲ್ಲ ಆಗಿದ್ದು? ಹಾಗಾಗಿ ಬಾಗಿಲಿಗೆ ಅಂಟಿಸಲು ಒಂದು ಚೀಟಿ ಬೇಕು. ಅವಳು ಹೇಳಲಿ, ನೀವು ಬರೆಯಿರಿ. ಕೆಳಗೆ ಅವಳ ಸಹಿ, ಬರೀ ಗೀಚಿದ್ದಾದರೂ ಪರವಾಗಿಲ್ಲ. ಬಾಯಲ್ಲಿ ಬಂದ ಮಾತು ಕಾಗದದ ಮೇಲೆ ನಿಲ್ಲುತ್ತದೆ ಎಂಬುದು ಮೊದಲು ಗೊತ್ತಾಗಲಿ, ಅ ಆ ಇ ಈ ಆಮೇಲೆ.

ಕಥೆ ಬದಲಾಯಿಸಿದರೆ ತಪ್ಪಲ್ಲವಾ ಎಂಬ ಅನುಮಾನ ಬೇಡ. 1837ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಸೌದಿ ಈ ಕಥೆಯನ್ನು ಅಚ್ಚು ಹಾಕಿಸಿದಾಗ ಗೋಲ್ಡಿಲಾಕ್ಸ್ ಇರಲೇ ಇಲ್ಲ. ಕರಡಿಗಳ ಮನೆಗೆ ನುಗ್ಗಿದ್ದು ಒಬ್ಬ ಮುದುಕಿ. ಅಮ್ಮ ಕರಡಿಯೂ ಇರಲಿಲ್ಲ, ಮೂರೂ ಗಂಡು ಕರಡಿಗಳೇ. ಪುಟ್ಟ ಹುಡುಗಿ, ಅಪ್ಪ, ಅಮ್ಮ ಎಲ್ಲ ಆಮೇಲೆ ಬಂದು ಸೇರಿಕೊಂಡವರು. ನಿಮ್ಮ ಅತ್ತೆ ಕರಡಿಗೂ ಜಾಗ ಇದೆ.

ಜಾಕ್ ಮತ್ತು ಬೀನ್ಸ್ ಬಳ್ಳಿಯ ಕಥೆಗೆ ರಾತ್ರಿ ನೆನೆಸಿದ ಅಲಸಂದೆ ಕಾಳು ಬೇಕು. ಗಾಜಿನ ಎರಡು ಲೋಟಗಳಲ್ಲಿ ಒದ್ದೆ ಹತ್ತಿ ತುರುಕಿ, ಹತ್ತಿಗೂ ಗಾಜಿಗೂ ನಡುವೆ ಕಾಳು ಸಿಕ್ಕಿಸಿ. ಒಂದು ಲೋಟ ಕಿಟಕಿಯಲ್ಲಿರಲಿ, ಇನ್ನೊಂದು ಕತ್ತಲೆಯ ಕಪಾಟಿನಲ್ಲಿ. ಹತ್ತಿ ಒಣಗಲು ಬಿಡಬೇಡಿ. ದಿನಾ ಗಿಡದ ಎತ್ತರಕ್ಕೆ ಸರಿಯಾಗಿ ಉಲ್ಲನ್ ದಾರ ಕತ್ತರಿಸಿ ಗೋಡೆಗೆ ಅಂಟಿಸುತ್ತಾ ಹೋಗಿ. ಅಂಕಿ ಬರದಿದ್ದರೂ ಯಾವುದು ಉದ್ದ ಎಂಬುದು ಕಣ್ಣಿಗೇ ಕಾಣುತ್ತದೆ. ಬೆಳಕಿನಲ್ಲಿರುವುದೇ ಗೆಲ್ಲುತ್ತದೆ ಎಂದು ದೊಡ್ಡವರೂ ಪಂದ್ಯ ಕಟ್ಟುತ್ತಾರೆ. ಆದರೆ ಎತ್ತರಕ್ಕೆ ಓಡುವುದು ಕಪಾಟಿನದು, ಬೆಳಕು ಹುಡುಕಿಕೊಂಡು. ಬಿಳಚಿಕೊಂಡು, ಸಣಕಲಾಗಿ, ತಲೆ ಎತ್ತಲೂ ಆಗದಂತೆ ಇರುತ್ತದೆ, ಅಷ್ಟೇ. ಅದನ್ನು ಕಿಟಕಿಗೆ ತಂದಿಟ್ಟರೆ ಹಸಿರು ತಿರುಗುವುದನ್ನೂ ನೋಡಬಹುದು. ಕಾಳಿನ ಆಟ ಆಡುವಾಗ ಪಕ್ಕದಲ್ಲೇ ಇರಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಕಾಳು ಮೂಗಿಗೋ ಬಾಯಿಗೋ ಹೋಗಲು ಎರಡು ಕ್ಷಣ ಸಾಕು.

ತೋಳ ಎಂದರೆ ಹೆದರುವ ಮಕ್ಕಳಿದ್ದಾರೆ. ಜಾನಪದ ಕಥೆಗಳನ್ನು ಸಂಗ್ರಹಿಸಿದ ಜೋಸೆಫ್ ಜೇಕಬ್ಸ್ 1890ರಲ್ಲಿ ಪ್ರಕಟಿಸಿದ ಹಂದಿಮರಿ ಕಥೆಯಲ್ಲಿ ತೋಳ ಮೊದಲೆರಡು ಹಂದಿಗಳನ್ನು ತಿಂದೇಬಿಡುತ್ತದೆ, ಮೂರನೆಯದು ಆ ತೋಳವನ್ನೇ ಬೇಯಿಸಿ ತಿನ್ನುತ್ತದೆ. ಈಗಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಓಡಿ ಪಾರಾಗುತ್ತಾರೆ. ಎರಡರಲ್ಲಿ ಯಾವುದು ಹೇಳಬೇಕೆಂಬುದು ನಿಮ್ಮ ಮಗುವನ್ನು ನೋಡಿ ನಿರ್ಧರಿಸಿ. ಹೆದರುವ ಮಗುವಿಗೆ ಬೀಸಣಿಗೆ ಕೊಟ್ಟು ಆ ಮಗುವನ್ನೇ ತೋಳ ಮಾಡಿದರೆ ಹೆದರಿಕೆ ಎಷ್ಟೋ ಇಳಿಯುತ್ತದೆ.

ಹಂದಿಮರಿ ಕಥೆ ಮುಗಿದ ಮೇಲೆ ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ ನೋಡಿ, ಬಹುಶಃ ಬಾಯಿ ಮುಚ್ಚಿಸಲಿಕ್ಕಿಲ್ಲ. ಅಲ್ಲೂ ಒಂದು ಗಟ್ಟಿ ಮನೆ, ಒಂದು ಪುಸುಕಲು ಮನೆ. ಗಾಳಿಯ ಬದಲು ಮಳೆ. ಮನೆ ಕರಗಿ ಹೋದ ಕಾಗಕ್ಕ ಬಾಗಿಲು ಬಡಿದಾಗ ಗುಬ್ಬಕ್ಕ "ತಡಿ, ಮಗುಗೆ ಎಣ್ಣೆ ಹಚ್ತಿದೀನಿ", "ತಡಿ, ನೀರು ಹಾಕ್ತಿದೀನಿ", "ತಡಿ, ತೊಟ್ಟಿಲಿಗೆ ಹಾಕ್ತಿದೀನಿ" ಎಂದು ಸತಾಯಿಸುತ್ತಾಳೆ. ಒಂದೊಂದು ಮನೆಯಲ್ಲಿ ಒಂದೊಂದು ಪಟ್ಟಿ. ಒಂದು ಗೊಂಬೆ ಕೊಟ್ಟು, ಗುಬ್ಬಕ್ಕ ಹೇಳಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮಾಡಿಸಿ. ನಡುವೆ ಬೇಕಂತಲೇ ಮೊದಲು ಬಟ್ಟೆ, ಆಮೇಲೆ ಎಣ್ಣೆ ಎಂದು ಹೇಳಿ. ತಿದ್ದುತ್ತಾಳೆ, ಅದೂ ಬೈದುಕೊಂಡೇ. ಆಮೇಲೆ ಮಣ್ಣಿನದೊಂದು ಮನೆ, ಕಲ್ಲು ಜೋಡಿಸಿದ್ದೊಂದು ಮನೆ ಕಟ್ಟಿಸಿ, ಮೇಲಿಂದ ಮಗ್ಗಿನಲ್ಲಿ ಮಳೆ ಸುರಿಸಲಿ. ಇದನ್ನು ಮಾತ್ರ ಅಂಗಳದಲ್ಲೇ ಆಡಿಸಿ. ಬಚ್ಚಲಲ್ಲಿ ಆಡಿದರೆ ಮಣ್ಣು ಪೈಪಿಗೆ ಕಟ್ಟಿಕೊಳ್ಳುತ್ತದೆ.