ನೀರು ಕಂಡರೆ ಗಟ್ಟಿಯಾಗುವ ಅಂಟು

ಏಪ್ರಿಲ್‌ನಲ್ಲಿ ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯುನಲ್ಲಿ ನಮ್ಮ ದೊಡ್ಡಪ್ಪನ ಮಣಿಕಟ್ಟನ್ನೇ ನೋಡುತ್ತ ಕುಳಿತಿದ್ದೆ. ಅಪಧಮನಿಗೆ ತೂರಿಸಿದ್ದ ಸಣ್ಣ ನಳಿಕೆ, ಅಂದರೆ ಕ್ಯಾತಿಟರ್, ಪ್ರತಿ ಬಡಿತದ ರಕ್ತದೊತ್ತಡವನ್ನು ಪರದೆಯ ಮೇಲೆ ಅಲೆಯಾಗಿ ಬರೆಯುತ್ತಿತ್ತು. ಸೆಕೆಗೆ ಬೆವರಿ ಟೇಪಿನ ಅಂಚು ಸುರುಳಿ ಎದ್ದಿತ್ತು. ಅಪಧಮನಿಯ ನಳಿಕೆ ಕಿತ್ತು ಬಂದರೆ ರಕ್ತ ಜಿನುಗುವುದಿಲ್ಲ, ಚಿಮ್ಮುತ್ತದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೇರಿತ್ತು. 1733ರಲ್ಲೇ ಅದನ್ನು ಪ್ರಕಟಿಸಿದ್ದ.

ನರ್ಸ್ ಟೇಪು ಬಿಚ್ಚಿ, ಚರ್ಮವನ್ನು ಶುಚಿಮಾಡಿ ಆರಲು ಬಿಟ್ಟರು. ನಳಿಕೆ ಒಳಹೋಗುವ ಬಾಯಿಗೆ ಒಂದು ಹನಿ ಅಂಟು, ಅದರ ದಪ್ಪ ತುದಿಯ ಕೆಳಗೆ ಇನ್ನೊಂದು ಹನಿ. ಮೇಲೆ ಪಾರದರ್ಶಕ ಪಟ್ಟಿ. “ಬೆಚ್ಚಗಾಯಿತಲ್ಲ!” ಎಂದರು ದೊಡ್ಡಪ್ಪ.

ಆ ಬೆಚ್ಚಗಿನಲ್ಲೇ ಎಲ್ಲವೂ ಇದೆ. ಈ ಅಂಟು ಒಣಗಿ ಹಿಡಿಯುತ್ತದೆ ಎನ್ನುವುದು ಶುದ್ಧ ತಪ್ಪು. ಸಯನೊಅಕ್ರಿಲೇಟ್ ಎಂಬ ಈ ಅಂಟಿಗೆ ಬೇಕಾದದ್ದು ನೀರು! ಒರೆಸಿದ ಚರ್ಮದ ಮೇಲೂ ಕಣ್ಣಿಗೆ ಕಾಣದ ತೇವ ಉಳಿದಿರುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ಆ ತೇವದ ಋಣ ಅಯಾನು, ಅಂದರೆ ಋಣ ವಿದ್ಯುದಂಶದ ಕಣ, ಅಂಟಿನ ಒಂದು ಅಣುವನ್ನು ಕೆಣಕುತ್ತದೆ. ಅದು ಪಕ್ಕದ್ದನ್ನು ಹಿಡಿಯುತ್ತದೆ, ಅದು ಮತ್ತೊಂದನ್ನು. ಹಂಜಿಯಿಂದ ನೂಲು ಎಳೆದಂತೆ ಬಿಡಿ ಅಣುಗಳು ಉದ್ದನೆಯ ಎಳೆಗಳಾಗುತ್ತವೆ, ಪ್ರತಿ ಕೂಡಿಕೆಯಲ್ಲೂ ಚೂರು ಶಾಖ ಹೊರಬೀಳುತ್ತದೆ. ಹತ್ತಿ ಗಿರಣಿಗಳಿಂದ ಹೆಸರಾದ ಈ ಊರಿನವರಿಗೆ ಒಂದು ಮಾತು ಹೇಳಲೇಬೇಕು: ಚೆಲ್ಲಿದ ಅಂಟನ್ನು ಹತ್ತಿಯಿಂದ ಒರೆಸಬೇಡಿ. ಹತ್ತಿಯ ನವಿರು ಎಳೆಗಳಲ್ಲಿ ಈ ಕ್ರಿಯೆ ಒಮ್ಮೆಲೇ ನಡೆದು ಕೈ ಸುಡುವಷ್ಟು ಬಿಸಿಯಾಗುತ್ತದೆ.

1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಇದೇ ವಸ್ತುವನ್ನು ಕೈಬಿಟ್ಟಿದ್ದರು.

ಆಸ್ಪತ್ರೆಯಲ್ಲಿ ಬಳಸುತ್ತಾರೆಂದು ಕುಯ್ದ ಬೆರಳಿಗೆ ಇದೇ ಜಾತಿಯ ಫೆವಿಕ್ವಿಕ್ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಂಗಡಿಯ ಅಂಟಿನ ಅಣುವಿಗಿರುವುದು ಎರಡೇ ಇಂಗಾಲದ ಗಿಡ್ಡ ಬಾಲ. ಬೇಗ ಒಡೆದು ಫಾರ್ಮಾಲ್ಡಿಹೈಡ್ ಬಿಡುತ್ತದೆ, ಜೀವಕೋಶಗಳನ್ನು ಕೆರಳಿಸುತ್ತದೆ. ವೈದ್ಯಕೀಯ ಅಂಟಿನದು ನಾಲ್ಕು ಅಥವಾ ಎಂಟು ಇಂಗಾಲದ ಬಾಲ. ಅದು ನಿಧಾನವಾಗಿ ಒಡೆಯುವುದರಿಂದ ಚರ್ಮ ತಾಳಿಕೊಳ್ಳುತ್ತದೆ.

ಅಂಟಿಸಿದ್ದನ್ನು ಕೀಳುವಾಗ ಚರ್ಮವೇ ಕಿತ್ತು ಬಂದೀತೆಂದು ದೊಡ್ಡಮ್ಮ ಹೆದರಿದ್ದರು. ಮೂರನೆಯ ದಿನ ನರ್ಸ್ ಅಂಚಿಗೆ ವ್ಯಾಸಲೀನ್ ಸವರಿ ಮೆಲ್ಲಗೆ ಬಿಡಿಸಿದರು. ಮಣಿಕಟ್ಟಿನಲ್ಲಿ ಉಳಿದಿದ್ದ ಚಕ್ಕೆ, ಚರ್ಮದ ಮೇಲ್ಪದರ ಕಳಚಿಕೊಂಡಂತೆ, ಮನೆಗೆ ಬಂದ ಮೇಲೆ ತಾನಾಗಿಯೇ ಉದುರಿತು.